ಸಂಘವೋ, ಟ್ರಸ್ಟೋ, ಕಂಪನಿಯೋ: ನೋಂದಣಿಗೆ ಮುಂಚೆ ಕೂತು ಮಾತಾಡಬೇಕಾದ್ದು

(ಸಣ್ಣ ಸೇವಾ ಗುಂಪುಗಳನ್ನು ನಡೆಸುತ್ತಿರುವ ಯುವಕ ಯುವತಿಯರ ಮುಂದೆ ಧಾರವಾಡದಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರು ಈಗಾಗಲೇ ಕೆಲಸಕ್ಕೆ ಇಳಿದಿದ್ದೀರಿ. ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುವವರಿದ್ದೀರಿ, ಕೆರೆಯ ಹೂಳೆತ್ತಲು ಊರವರನ್ನು ಒಟ್ಟುಗೂಡಿಸಿದವರಿದ್ದೀರಿ, ಡಯಾಲಿಸಿಸ್‌ಗೆ ಹೋಗುವ ಬಡವರಿಗೆ ಬಸ್ ಖರ್ಚು ಹೊಂದಿಸುವವರೂ ಇದ್ದೀರಿ. ಬಂದ ಕೂಡಲೇ ಮೂರ್ನಾಲ್ಕು ಜನ ಕೇಳಿದ್ದು ಒಂದೇ ಪ್ರಶ್ನೆ: "ಸರ್, ರಿಜಿಸ್ಟರ್ ಮಾಡಿಸಬೇಕು, ಯಾವುದು ಬೇಗ ಆಗುತ್ತೆ?"

ಇಂಥ ಸಂಸ್ಥೆಗಳ ಲೆಕ್ಕಪತ್ರ ನೋಡುವುದೇ ನನ್ನ ವೃತ್ತಿ. ಆ ಅನುಭವದ ಮೇಲೆ ಹೇಳುತ್ತೇನೆ, ಬೇಗ ಆಗುವುದು ಯಾವುದು ಎಂದು ನೋಡಿ ಆರಿಸಿಕೊಂಡವರು ಆಮೇಲೆ ಬಹಳ ಕಷ್ಟಪಡುತ್ತಾರೆ. ನೋಂದಣಿಗೆ ಹಿಡಿಯುವುದು ಕೆಲವು ವಾರ. ಆದರೆ ಅದರಲ್ಲಿ ಬರೆದ ಮಾತುಗಳು ನೀವು ಇರುವವರೆಗೂ, ನೀವು ಹೋದ ಮೇಲೂ ಸಂಸ್ಥೆಯನ್ನು ಆಳುತ್ತವೆ. ಹಾಗಾಗಿ ಮೊದಲು ತೀರ್ಮಾನ ಆಗಬೇಕಾದ್ದು ಬೇರೆಯೇ ಇದೆ. ನಾಳೆ ನಿಮ್ಮೊಳಗೆ ಒಮ್ಮತ ಇಲ್ಲದಾದಾಗ ಕೊನೆಯ ಮಾತು ಯಾರದ್ದು? ಅವರು ತಪ್ಪಿ ನಡೆದರೆ ಕೇಳುವವರು ಯಾರು? ಇವೆರಡಕ್ಕೆ ಉತ್ತರ ಸಿಕ್ಕರೆ ಸಂಘವೋ ಟ್ರಸ್ಟೋ ಕಂಪನಿಯೋ ಎಂಬುದು ತಾನಾಗಿ ಗೊತ್ತಾಗುತ್ತದೆ.

ಧಾರವಾಡದಲ್ಲಿ ನಿಂತು ಈ ಮಾತು ಆಡುವಾಗ ಉದಾಹರಣೆಗೆ ದೂರ ಹೋಗಬೇಕಿಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರ ಜುಲೈ 20ರಂದು, ರಾ. ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ. 1956ರ ಏಕೀಕರಣವನ್ನು ದೇಶಪಾಂಡೆಯವರು ನೋಡಲಿಲ್ಲ, ಅವರು ಕಟ್ಟಿದ ಸಂಘ ನೋಡಿತು. ಪಕ್ಕದ ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್ಇ ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯನ್ನು ಈ ಭಾಗದ ಜನ ಇವತ್ತಿಗೂ ಸಪ್ತರ್ಷಿಗಳು ಎನ್ನುತ್ತಾರೆ. ಸಾಗರದ ಹತ್ತಿರ ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ಶುರುವಾದ ನೀನಾಸಂ, ಕೆ. ವಿ. ಸುಬ್ಬಣ್ಣನವರು ತೀರಿಕೊಂಡ ಮೇಲೂ ನಾಟಕ ಕಲಿಸುತ್ತಲೇ ಇದೆ. ಕಟ್ಟಿದವರ ಆಯುಷ್ಯಕ್ಕಿಂತ ಸಂಸ್ಥೆಯ ಆಯುಷ್ಯ ದೊಡ್ಡದು ಎಂದುಕೊಂಡೇ ನೀವೂ ಕಾಗದಕ್ಕೆ ಕೈಹಾಕಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಐದು ಜನ ಗೆಳೆಯರು ತಾಲ್ಲೂಕು ಕೇಂದ್ರವೊಂದರಲ್ಲಿ ಸಂಜೆ ಶಾಲೆ ನಡೆಸುತ್ತಿದ್ದಾರೆ. ಒಬ್ಬಳ ಮನೆಯ ಹಜಾರದಲ್ಲಿ ಪಾಠ. ಇನ್ನೊಬ್ಬ ಲೆಕ್ಕ ನೋಡುತ್ತಾನೆ. ಮೂರನೆಯವನ ಚಿಕ್ಕಪ್ಪ ಒಂದು ಸೈಟು ಕೊಡುತ್ತೇನೆ ಎಂದಿದ್ದಾರೆ. ಹತ್ತು ವರ್ಷ ಕಳೆದಿದೆ ಎಂದುಕೊಳ್ಳಿ. ಸೈಟಿನ ಮೇಲೆ ಕಟ್ಟಡ ಎದ್ದಿದೆ, ಇಬ್ಬರು ಬೆಂಗಳೂರು ಸೇರಿದ್ದಾರೆ, ಉಳಿದ ಮೂವರಲ್ಲಿ ಇಬ್ಬರಿಗೆ ಮಾತಿಲ್ಲ. ಆ ಕಟ್ಟಡದ ಬೀಗದ ಕೈ ಯಾರ ಹತ್ತಿರ ಇರಬೇಕು?

ಟ್ರಸ್ಟ್ ಮಾಡಿದ್ದರೆ ಉತ್ತರ ಟ್ರಸ್ಟ್ ಡೀಡಿನಲ್ಲಿ, ಅಂದರೆ ಟ್ರಸ್ಟ್ ಸ್ಥಾಪಿಸಿದ ಪತ್ರದಲ್ಲಿ, ಇರುತ್ತದೆ. ಡೀಡಿನಲ್ಲಿ ಇಲ್ಲದಿದ್ದರೆ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಖಾಸಗಿ ಟ್ರಸ್ಟ್‌ಗಳಿಗಾಗಿ ಮಾಡಿದ್ದು. ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್‌ಗೆ ಅದು ನೇರವಾಗಿ ಅನ್ವಯಿಸುವುದಿಲ್ಲ, ಅದರ ತತ್ವಗಳನ್ನು ನ್ಯಾಯಾಲಯಗಳು ಬಳಸುತ್ತವೆ ಅಷ್ಟೆ. ಆದ್ದರಿಂದ ನಿಮ್ಮ ಡೀಡೇ ನಿಮ್ಮ ಕಾನೂನು. ಒಬ್ಬರು ಸ್ವಲ್ಪ ಹಣವನ್ನೋ ಆಸ್ತಿಯನ್ನೋ ಉದ್ದೇಶವೊಂದಕ್ಕೆ ಬಿಟ್ಟುಕೊಟ್ಟು, ಅದನ್ನು ನೋಡಿಕೊಳ್ಳುವ ಟ್ರಸ್ಟಿಗಳನ್ನು ಹೆಸರಿಸಿ, ಛಾಪಾ ಕಾಗದದ ಮೇಲೆ ಬರೆದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿಗಳ ಸಮೇತ ನೋಂದಣಿ ಮಾಡಿಸಿದರೆ ಕೆಲಸ ಆಯಿತು. ಜನ ಟ್ರಸ್ಟಿಗೆ ಓಡುವುದು ಇದಕ್ಕೇ.

ಆದರೆ ಕಚೇರಿಯ ಎದುರು ಸಿದ್ಧ ನಮೂನೆ ಇಟ್ಟುಕೊಂಡು ಬರೆದುಕೊಡುವವರ ಡೀಡ್‌ಗಳನ್ನು ಒಮ್ಮೆ ಓದಿ ನೋಡಿ. ಬಹಳಷ್ಟರಲ್ಲಿ ಈ ಸಾಲು ಇರುತ್ತದೆ: ಸಂಸ್ಥಾಪಕ ಟ್ರಸ್ಟಿಯು ಜೀವನಪರ್ಯಂತ ಮ್ಯಾನೇಜಿಂಗ್ ಟ್ರಸ್ಟಿ ಆಗಿರತಕ್ಕದ್ದು, ಅವರ ಕಾಲಾನಂತರ ಅವರ ಹಿರಿಯ ಮಗನು ಆ ಸ್ಥಾನಕ್ಕೆ ಬರತಕ್ಕದ್ದು. ಮನೆಯ ಆಸ್ತಿ ಕಾಪಾಡುವ ಟ್ರಸ್ಟಿನ ಸಾಲನ್ನು ಸಂಜೆ ಶಾಲೆಗೆ ಅಂಟಿಸಿಬಿಟ್ಟಿರುತ್ತಾರೆ. ಹತ್ತು ವರ್ಷದ ನಂತರ ಅದನ್ನು ಬದಲಾಯಿಸೋಣ ಎಂದರೆ, ಬದಲಾಯಿಸುವ ಅಧಿಕಾರವನ್ನು ಡೀಡಿನಲ್ಲೇ ಇಟ್ಟುಕೊಂಡಿರದಿದ್ದರೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಸಾರ್ವಜನಿಕ ಟ್ರಸ್ಟ್ ಹಾದಿ ತಪ್ಪಿದಾಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಪ್ರಕಾರ ಹಿತಾಸಕ್ತಿಯುಳ್ಳ ಇಬ್ಬರು, ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಆ ದಾವೆ ಮುಗಿಯುವ ಹೊತ್ತಿಗೆ ಸಂಜೆ ಶಾಲೆಗೆ ಬರುತ್ತಿದ್ದ ಮಕ್ಕಳು ಕಾಲೇಜು ಮುಗಿಸಿರುತ್ತಾರೆ.

ಟ್ರಸ್ಟ್ ಬೇಡ ಎನ್ನುತ್ತಿಲ್ಲ. ಒಬ್ಬರೇ ದೊಡ್ಡ ಮೊತ್ತವನ್ನೋ ಜಮೀನನ್ನೋ ಒಂದು ಉದ್ದೇಶಕ್ಕೆ ಕೊಡುತ್ತಿದ್ದಾರೆ, ಅದು ಯಾರ ಚುನಾವಣೆಗೂ ಸಿಕ್ಕಿಕೊಳ್ಳಬಾರದು ಎನ್ನುವುದಾದರೆ ಟ್ರಸ್ಟೇ ಸರಿ. ಆಗಲೂ ಟ್ರಸ್ಟಿಗಳ ಅವಧಿ ಎಷ್ಟು, ಖಾಲಿ ಸ್ಥಾನ ತುಂಬುವವರು ಯಾರು, ಒಂದೇ ಮನೆಯವರು ಎಷ್ಟು ಜನ ಇರಬಹುದು, ಡೀಡಿನ ಯಾವ ಭಾಗವನ್ನು ಎಷ್ಟು ಬಹುಮತದಿಂದ ತಿದ್ದಬಹುದು, ಈ ನಾಲ್ಕನ್ನು ಬರೆಯದೆ ಸಹಿ ಹಾಕಬೇಡಿ.

ಸಂಘದ ಸ್ವಭಾವ ಬೇರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಬೇಕು, ಎಲ್ಲರಿಗೂ 18 ತುಂಬಿರಬೇಕು. ಉದ್ದೇಶಗಳ ಜ್ಞಾಪನ ಪತ್ರ ಒಂದು, ನಡೆಯುವ ರೀತಿ ಹೇಳುವ ಬೈಲಾ ಇನ್ನೊಂದು. ಇದನ್ನು ಸಹಕಾರ ಇಲಾಖೆಯ ಅಧಿಕಾರಿಗಳೇ ಸಂಘಗಳ ನೋಂದಣಾಧಿಕಾರಿಗಳಾಗಿ ನೋಡಿಕೊಳ್ಳುತ್ತಾರೆ. ಇಲ್ಲಿ ಕೊನೆಯ ಮಾತು ಸರ್ವ ಸದಸ್ಯರ ಸಭೆಯದ್ದು. ಅಧ್ಯಕ್ಷರನ್ನು ಆರಿಸುವವರೂ ಅವರೇ, ಇಳಿಸುವವರೂ ಅವರೇ. ಪ್ರತಿ ವರ್ಷ ಸಭೆ ಕರೆಯಬೇಕು, ಲೆಕ್ಕ ಒಪ್ಪಿಸಬೇಕು, ಕಾರ್ಯಕಾರಿ ಸಮಿತಿಯಲ್ಲಿ ಯಾರಿದ್ದಾರೆ ಎಂಬ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ದೂರು ಬಂದರೆ ವಿಚಾರಣೆ ನಡೆಸುವ ಅಧಿಕಾರ 25ನೇ ಕಲಂನಲ್ಲಿದೆ. ಸಂಘ ಸಂಪೂರ್ಣ ಕೆಟ್ಟಾಗ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಲು 27ಎ ಕಲಂ ಅವಕಾಶ ಕೊಡುತ್ತದೆ.

ನನಗೆ ಸಂಘದ ಮೇಲೆ ಒಲವು ಹೆಚ್ಚು, ಮುಚ್ಚಿಡುವುದಿಲ್ಲ. ಹತ್ತಾರು ಜನ ಸೇರಿ ಮಾಡುವ ಕೆಲಸಕ್ಕೆ ಹತ್ತಾರು ಜನರ ಮಾತು ನಡೆಯಬೇಕು ಎನ್ನುವುದು ಅದರ ಅಡಿಪಾಯ. ಅಪಾಯವೂ ಅಲ್ಲೇ ಇದೆ. ಚುನಾವಣೆಗೆ ಒಂದು ತಿಂಗಳು ಇರುವಾಗ ಯಾರೋ ಒಬ್ಬರು ನೂರು ಜನರ ಸದಸ್ಯತ್ವದ ಹಣ ತಾವೇ ಕಟ್ಟಿ, ತಮ್ಮವರನ್ನು ತುಂಬಿ, ಸಂಘವನ್ನೇ ಕೈವಶ ಮಾಡಿಕೊಂಡದ್ದನ್ನು ನಮ್ಮ ಜಿಲ್ಲೆಗಳಲ್ಲಿ ನೀವೂ ಕೇಳಿರುತ್ತೀರಿ. ಇದಕ್ಕೆ ಮದ್ದು ಬೈಲಾದಲ್ಲಿದೆ. ಹೊಸ ಸದಸ್ಯರಿಗೆ ಇಷ್ಟು ಅವಧಿ ಕಳೆದ ಮೇಲೆಯೇ ಮತದ ಹಕ್ಕು, ಇಷ್ಟು ದಿನ ಕೆಲಸದಲ್ಲಿ ಪಾಲ್ಗೊಂಡವರಿಗೆ ಮಾತ್ರ ಸದಸ್ಯತ್ವ, ಒಬ್ಬರೇ ಸತತವಾಗಿ ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗುವಂತಿಲ್ಲ, ಹೀಗೆ. ಅಚ್ಚಾದ ಮಾದರಿ ಬೈಲಾ ತಂದು ಹೆಸರಿನ ಜಾಗ ತುಂಬಿ ಕೊಟ್ಟರೆ ಇವು ಯಾವುವೂ ಅದರಲ್ಲಿ ಇರುವುದಿಲ್ಲ.

ಮೂರನೆಯದು ಕಂಪನಿ. "ಲಾಭಕ್ಕಲ್ಲ ಅಂದಮೇಲೆ ಕಂಪನಿ ಹೇಗೆ?" ಎಂದು ಹಿಂದಿನ ಸಾಲಿನಿಂದ ಒಬ್ಬ ತಂಗಿ ಕೇಳಿದಳು. 2013ರ ಕಂಪನಿ ಕಾಯ್ದೆಯ 8ನೇ ಕಲಂ ಇದಕ್ಕೆಂದೇ ಇದೆ. ಹಿಂದಿನ 1956ರ ಕಾಯ್ದೆಯಲ್ಲಿ ಇದು 25ನೇ ಕಲಂ ಆಗಿತ್ತು, ಹಾಗಾಗಿ ಹಳಬರು ಈಗಲೂ ಸೆಕ್ಷನ್ 25 ಕಂಪನಿ ಎನ್ನುವುದುಂಟು. ಹಣ ಉಳಿದರೆ ಉದ್ದೇಶಕ್ಕೇ ಹಾಕಬೇಕು, ಸದಸ್ಯರಿಗೆ ಡಿವಿಡೆಂಡ್ ಕೊಡುವಂತಿಲ್ಲ, ಮುಚ್ಚಿದಾಗಲೂ ಹಂಚಿಕೊಳ್ಳುವಂತಿಲ್ಲ. ಹೆಸರಿನ ಕೊನೆಗೆ ಲಿಮಿಟೆಡ್ ಎಂದು ಹಾಕಬೇಕಾಗಿಲ್ಲ. ಪ್ರೈವೇಟ್ ರೂಪದಲ್ಲಿ ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರು ಸಾಕು, ಕನಿಷ್ಠ ಬಂಡವಾಳದ ನಿಬಂಧನೆ ಇಲ್ಲ. ಅರ್ಜಿ ಪೂರ್ತಿ ಆನ್‌ಲೈನ್, ಡಿಜಿಟಲ್ ಸಹಿ ಬೇಕು. ನಮ್ಮ ರಾಜ್ಯದ ಕಂಪನಿಗಳ ರಿಜಿಸ್ಟ್ರಾರ್ ಕಚೇರಿ ಬೆಂಗಳೂರಿನ ಕೋರಮಂಗಲದಲ್ಲಿದೆ.

ಇದರಲ್ಲಿ ಶಿಸ್ತು ಹೆಚ್ಚು, ಹೊರಗಿನವರಿಗೆ ಮಾಹಿತಿ ಸಿಗುವುದೂ ಹೆಚ್ಚು. ಯಾರು ಬೇಕಾದರೂ ಶುಲ್ಕ ಕಟ್ಟಿ ನಿಮ್ಮ ವಾರ್ಷಿಕ ಲೆಕ್ಕ ತೆಗೆದು ನೋಡಬಹುದು. ದೊಡ್ಡ ದಾನಿಗಳು ಇದನ್ನು ಇಷ್ಟಪಡುವುದು ಅದಕ್ಕೇ. ಬೆಲೆಯೂ ಇದೆ. ವಹಿವಾಟು ಎಷ್ಟೇ ಚಿಕ್ಕದಿರಲಿ ಆಡಿಟ್ ಕಡ್ಡಾಯ. ಪ್ರತಿ ವರ್ಷ ಲೆಕ್ಕಪತ್ರಕ್ಕೆ ಒಂದು ಫಾರಂ, ವಾರ್ಷಿಕ ವಿವರಕ್ಕೆ ಇನ್ನೊಂದು. ತಡವಾದರೆ ಒಂದೊಂದಕ್ಕೂ ದಿನಕ್ಕೆ ₹100. ಎರಡೂ ಫಾರಂ ಒಂದು ವರ್ಷ ತಡವಾದರೆ ₹73,000 ಆಗುತ್ತದೆ. ಮೂರು ವರ್ಷ ಸತತ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷದ ಮಟ್ಟಿಗೆ ಅನರ್ಹರಾಗುತ್ತಾರೆ, ನಾಳೆ ತಮ್ಮದೇ ವ್ಯಾಪಾರದ ಕಂಪನಿಯಲ್ಲೂ ನಿರ್ದೇಶಕರಾಗಲು ಆಗದು. ಹಜಾರದಲ್ಲಿ ನಡೆಯುವ ಸಂಜೆ ಶಾಲೆಗೆ ಇಷ್ಟು ಭಾರ ಹೊರಿಸಬೇಡಿ. ಹಲವು ಜಿಲ್ಲೆಗಳಲ್ಲಿ ಕೆಲಸ, ಸಂಬಳದ ನೌಕರರು, ಕಂಪನಿಗಳ ಅನುದಾನ ಎಂದು ಆಲೋಚನೆ ಇರುವವರು ಮೊದಲ ದಿನದಿಂದಲೇ ಒಬ್ಬ ಕಂಪನಿ ಸೆಕ್ರೆಟರಿಯನ್ನು ಜೊತೆಗಿಟ್ಟುಕೊಂಡು ಈ ದಾರಿ ಹಿಡಿಯಿರಿ.

ರೂಪ ಯಾವುದೇ ಇರಲಿ, ಉದ್ದೇಶಗಳ ಭಾಗವನ್ನು ಬರೆಯುವುದರಲ್ಲಿ ನಮ್ಮವರು ತೋರಿಸುವ ಅಸಡ್ಡೆ ನನಗೆ ನೋವು ಕೊಡುತ್ತದೆ. ಕಾಗದ ತೆಗೆದು ನೋಡಿದರೆ ನಲವತ್ತು ಉದ್ದೇಶ ಇರುತ್ತವೆ: ಶಾಲೆ, ಆಸ್ಪತ್ರೆ, ಗೋಶಾಲೆ, ವೃದ್ಧಾಶ್ರಮ, ಕಂಪ್ಯೂಟರ್ ತರಬೇತಿ, ಸಾಮೂಹಿಕ ವಿವಾಹ, ಯೋಗ, ಕ್ರೀಡೆ. "ಮುಂದೆ ಬೇಕಾಗಬಹುದು, ಇರಲಿ" ಎಂಬ ಸಮಾಧಾನ. ಆದಾಯ ತೆರಿಗೆ ಇಲಾಖೆಗೆ ನೋಂದಣಿಗೆ ಹೋದಾಗ ಅಧಿಕಾರಿ ಕೇಳುವುದು ಇದೇ: ಈ ನಲವತ್ತರಲ್ಲಿ ನೀವು ಮಾಡಿದ್ದು ಯಾವುದು, ಖರ್ಚಿನ ದಾಖಲೆ ಎಲ್ಲಿ? ದಾನಿಗೂ ಅದೇ ಗೊಂದಲ.

ಡಾ. ಎಚ್. ಸುದರ್ಶನ್ ಅವರ ಕೆಲಸ ಗಮನಿಸಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವಿನ ಕೆಲಸಕ್ಕೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಬೆಟ್ಟದ ಕೆಳಗೆ ಯಳಂದೂರಿನಲ್ಲಿ ಕುಷ್ಠರೋಗ ಹೆಚ್ಚಿದ್ದಾಗ, ಅದಕ್ಕೆಂದು 1986ರಲ್ಲಿ ಕರುಣಾ ಟ್ರಸ್ಟ್ ಬೇರೆಯಾಗಿ ಹುಟ್ಟಿತು. ಒಂದು ದಶಕದ ನಂತರ, 1996ರಲ್ಲಿ, ಅದೇ ಟ್ರಸ್ಟ್ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಒಂದು ಊರಿನ ಒಂದು ರೋಗದಿಂದ ಶುರುಮಾಡಿ, ಕೆಲಸದ ಕೈ ಪಳಗಿದ ಮೇಲೆ ಮುಂದಿನದಕ್ಕೆ ಹೋದರು.

ಸಂಜೆ ಶಾಲೆಯವರು ಹೀಗೆ ಬರೆಯಬಹುದು: "ತಾಲ್ಲೂಕಿನ ಸರ್ಕಾರಿ ಶಾಲೆಗಳ ಮಕ್ಕಳಿಗೆ ಜಾತಿ, ಮತ, ಲಿಂಗ ಭೇದವಿಲ್ಲದೆ ಉಚಿತವಾಗಿ ಪಾಠ, ಓದುವ ಕೊಠಡಿ, ಪುಸ್ತಕ ಒದಗಿಸುವುದು, ಇದಕ್ಕೆ ಪೂರಕವಾದ ಇತರ ಶೈಕ್ಷಣಿಕ ಕೆಲಸ ಮಾಡುವುದು." ಇಷ್ಟು ಸಾಕು. ಪೂರಕ ಎಂಬ ಮಾತು ನಾಳೆ ಬೆಳೆಯಲು ಜಾಗ ಬಿಡುತ್ತದೆ. ಇದರ ಜೊತೆ ಮೂರು ಮಾತು ತಪ್ಪದೆ ಸೇರಿಸಿ. ಆದಾಯ ಆಸ್ತಿ ಎಲ್ಲವೂ ಉದ್ದೇಶಕ್ಕೇ ಬಳಕೆಯಾಗತಕ್ಕದ್ದು, ಸದಸ್ಯರಿಗೆ ಲಾಭ ಹಂಚತಕ್ಕದ್ದಲ್ಲ. ಸಂಸ್ಥೆ ಮುಚ್ಚಿದರೆ ಉಳಿದ ಆಸ್ತಿ ಇದೇ ಬಗೆಯ ಉದ್ದೇಶದ ಇನ್ನೊಂದು ನೋಂದಾಯಿತ ಸಂಸ್ಥೆಗೆ ಹೋಗತಕ್ಕದ್ದು. ಟ್ರಸ್ಟ್ ಆದರೆ ಅದನ್ನು ಹಿಂತೆಗೆದುಕೊಳ್ಳುವಂತಿಲ್ಲ. ಈ ಮಾತುಗಳಿಲ್ಲದ ಕಾಗದ ತೆರಿಗೆ ಇಲಾಖೆಯಿಂದ ವಾಪಸ್ ಬರುತ್ತದೆ.

ನೋಂದಣಿ ಪತ್ರ ಕೈಗೆ ಬಂದ ವಾರ ಎಲ್ಲರೂ ಫೋಟೋ ಹಾಕುತ್ತಾರೆ. ಅದೇ ವಾರ ಮಾಡಬೇಕಾದ್ದು ಇನ್ನೊಂದಿದೆ. ಮೊದಲ ಸಭೆ ಸೇರಿ, ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ದಿನಾಂಕ, ಸ್ಥಳ, ಹಾಜರಿದ್ದವರ ಹೆಸರು ಮತ್ತು ಸಹಿ, ಸಂಸ್ಥೆಯ ಹೆಸರಿನಲ್ಲಿ ಪ್ಯಾನ್ ಮಾಡಿಸುವ ನಿರ್ಣಯ, ಬ್ಯಾಂಕ್ ಖಾತೆ ತೆರೆಯುವ ನಿರ್ಣಯ, ಖಾತೆಯಿಂದ ಹಣ ತೆಗೆಯಲು ಯಾವ ಇಬ್ಬರ ಸಹಿ ಬೇಕು ಎಂಬ ನಿರ್ಣಯ ಬರೆಯಿರಿ. ಪುಟಗಳಿಗೆ ಮೊದಲೇ ನಂಬರು ಹಾಕಿ, ಹಾಳೆ ಕೀಳಲು ಬರುವ ಪುಸ್ತಕ ಬೇಡ. ಖಾತೆ ತೆರೆದ ದಿನದಿಂದ ದೇಣಿಗೆ ಅಲ್ಲಿಗೇ ಬರಬೇಕು. ಈಗ ನಿಮ್ಮ ಪೋಸ್ಟರುಗಳಲ್ಲಿ ಒಬ್ಬ ಗೆಳೆಯನ ಫೋನ್‌ಪೇ ನಂಬರ್ ಇರುವುದನ್ನು ನೋಡಿದೆ. ಅವನು ಪ್ರಾಮಾಣಿಕನೇ ಇರಬಹುದು. ಆದರೆ ಆ ಹಣ ಕಾನೂನಿನ ಕಣ್ಣಲ್ಲಿ ಅವನ ಖಾತೆಗೆ ಬಂದ ಅವನ ಹಣ. ನಾಳೆ ಇಲಾಖೆ ಕೇಳಿದರೆ ವಿವರಣೆ ಕೊಡಬೇಕಾದವನು ಅವನೊಬ್ಬನೇ. ಅವನ ಒಳ್ಳೆಯ ಹೆಸರು ಉಳಿಯಬೇಕಾದರೂ ಆ ನಂಬರನ್ನು ಇವತ್ತೇ ತೆಗೆಯಿರಿ.

ತೆರಿಗೆಯ ಮಾತಿಗೆ ಬರೋಣ. ಸಂಘವನ್ನೋ ಟ್ರಸ್ಟನ್ನೋ ನೋಂದಾಯಿಸಿದ ಮಾತ್ರಕ್ಕೆ ತೆರಿಗೆ ವಿನಾಯಿತಿ ಬರುವುದಿಲ್ಲ. ಅದಕ್ಕೆ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆಯೇ ನೋಂದಣಿ ಆಗಬೇಕು. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುವುದು 2026ರ ಏಪ್ರಿಲ್ 1ರಿಂದ. ಕಲಂಗಳ ಸಂಖ್ಯೆ ಬದಲಾದರೂ ಜನರ ಬಾಯಲ್ಲಿ 12ಎ, 80ಜಿ ಎಂದೇ ಉಳಿಯುತ್ತದೆ, ನಾನೂ ಹಾಗೇ ಹೇಳುತ್ತೇನೆ. 12ಎ ಸಂಸ್ಥೆಯ ಆದಾಯದ ವಿನಾಯಿತಿಗೆ, 80ಜಿ ದಾನಿಗೆ ಸಿಗುವ ರಿಯಾಯಿತಿಗೆ. ಹೊಸ ಸಂಸ್ಥೆಗೆ ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಕೆಲಸ ಶುರುವಾದ ಮೇಲೆ ನಿಯಮಿತ ನೋಂದಣಿಗೆ ಅರ್ಜಿ ಹಾಕಬೇಕು. ಇದರ ಗಡುವು ತಪ್ಪಿಸಿಕೊಂಡು ಅಲೆದಾಡುವವರು ಬಹಳ ಜನ, ಕ್ಯಾಲೆಂಡರಿನಲ್ಲಿ ಬರೆದಿಡಿ.

ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಒಂದೇ ದಿನ ಒಬ್ಬರಿಗೆ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ದಾನಿ ₹2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಅವರಿಗೆ 80ಜಿ ರಿಯಾಯಿತಿ ಇಲ್ಲ. ಇನ್ನೊಂದು ವಿಷಯ ದಾನಿಗಳಿಗೆ ನೀವೇ ತಿಳಿಸಿ: ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿ ಸಿಗುವುದಿಲ್ಲ. ಸಂಬಳದಾರರಲ್ಲಿ ಈಗ ಆ ಪದ್ಧತಿಯವರು ಬಹಳ. 80ಜಿ ಇದೆ ಎಂದು ದೊಡ್ಡದಾಗಿ ಅಚ್ಚು ಹಾಕಿಸಿ ದೇಣಿಗೆ ಕೇಳುವುದಕ್ಕಿಂತ, ಕಳೆದ ವರ್ಷ ಎಷ್ಟು ಮಕ್ಕಳು ಬಂದರು, ಎಷ್ಟು ಖರ್ಚಾಯಿತು ಎಂದು ಒಂದು ಪುಟದಲ್ಲಿ ತೋರಿಸಿ ಕೇಳಿ.

"ಸಂಸ್ಥೆ ಕಟ್ಟಿದವರು ಸಂಬಳ ತೆಗೆದುಕೊಳ್ಳಬಹುದಾ ಸರ್?" ಈ ಪ್ರಶ್ನೆ ಕೇಳಲು ಆ ಹುಡುಗ ಸಂಕೋಚಪಟ್ಟ. ಸಂಕೋಚ ಬೇಡ. ದಿನವಿಡೀ ದುಡಿಯುವವರು ಊಟ ಮಾಡಬೇಕಲ್ಲ. ಮಾಡುವ ಕೆಲಸಕ್ಕೆ ತಕ್ಕ ಸಂಬಳವನ್ನು ಕಾನೂನು ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ಕಾಗದದಲ್ಲಿ ಅದಕ್ಕೆ ಅಡ್ಡಿ ಇರಬಾರದು, ಆ ನಿರ್ಣಯ ಆಗುವಾಗ ಸಂಬಳ ಪಡೆಯುವವರು ಸಭೆಯಿಂದ ಹೊರಗಿರಬೇಕು, ಕಾರಣ ನಡಾವಳಿಯಲ್ಲಿ ಇರಬೇಕು. ಸಂಸ್ಥಾಪಕರ ಬಂಧುವಿನ ಅಂಗಡಿಯಿಂದ ಮಾರುಕಟ್ಟೆಗಿಂತ ಹೆಚ್ಚಿನ ದರಕ್ಕೆ ಬೆಂಚು ಕೊಂಡರೆ ಮಾತ್ರ ವಿನಾಯಿತಿಗೇ ಕುತ್ತು ಬರುತ್ತದೆ. ಹಜಾರ ಬಿಟ್ಟುಕೊಟ್ಟವಳಿಗೆ ಬಾಡಿಗೆ ಕೊಡುವುದಾದರೆ ಬೀದಿಯಲ್ಲಿ ನಡೆಯುತ್ತಿರುವ ದರ ನೋಡಿ ಕರಾರು ಮಾಡಿಕೊಳ್ಳಿ.

ಸಿಎಸ್ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದ ಬಗ್ಗೆ ಬಹಳ ಆಸೆ ಇಟ್ಟುಕೊಂಡಿದ್ದೀರಿ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು, ನಿಜ. ಆದರೆ ಹೊರಗಿನ ಸಂಸ್ಥೆಯ ಮೂಲಕ ಖರ್ಚು ಮಾಡುವುದಾದರೆ, ಆ ಸಂಸ್ಥೆಗೆ 12ಎ, 80ಜಿ ಎರಡೂ ಇರಬೇಕು, ಇಂಥದೇ ಕೆಲಸದಲ್ಲಿ ಮೂರು ವರ್ಷದ ದಾಖಲೆ ಇರಬೇಕು, ಸಿಎಸ್ಆರ್-1 ಫಾರಂ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು. ಸೇವಾ ಸಂಸ್ಥೆಗಳ ವಿವರ ಇರುವ ನೀತಿ ಆಯೋಗದ ದರ್ಪಣ್ ತಾಣದಲ್ಲಿ ಹೆಸರು ಹಾಕಿಸುವುದು ಖರ್ಚಿಲ್ಲದ ಕೆಲಸ, ಅದನ್ನು ಮೊದಲೇ ಮಾಡಿಕೊಳ್ಳಿ.

"ಹಾಗಾದರೆ ಮೂರು ವರ್ಷ ಏನು ಮಾಡೋದು?" ಊರವರ ಹತ್ತಿರ ಹೋಗಿ. ನಿಮ್ಮ ಶಾಲೆಯಲ್ಲಿ ಓದುವ ಮಗುವಿನ ತಂದೆ ತಿಂಗಳಿಗೆ ₹50 ಕೊಟ್ಟು ರಸೀದಿ ಇಸಿದುಕೊಂಡರೆ, ವರ್ಷದ ಸಭೆಗೆ ಬಂದು ಆ ಹಣದ ಲೆಕ್ಕ ಕೇಳುತ್ತಾನೆ. ಹಾಗೆ ಕೇಳುವವರು ಇರುವ ಸಂಸ್ಥೆಗಳು ಕೆಟ್ಟದ್ದನ್ನು ನಾನು ಕಂಡದ್ದು ಕಡಿಮೆ.

ಅಮೆರಿಕದಲ್ಲಿರುವ ಗೆಳೆಯರಿಂದ ಹಣ ತರಿಸಬಹುದಾ ಎಂದು ಇಬ್ಬರು ಕೇಳಿದ್ದೀರಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿ ತನ್ನ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಅಲ್ಲ. ಅಲ್ಲಿಯ ಪೌರತ್ವ ಪಡೆದವರು ಕೊಟ್ಟರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅದು ವಿದೇಶಿ ವಂತಿಗೆಯೇ. ಅದನ್ನು ಪಡೆಯಲು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. ಅದಕ್ಕೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಮುಖ್ಯ ಕೆಲಸಕ್ಕೆ ಕನಿಷ್ಠ ₹15 ಲಕ್ಷ ಖರ್ಚಾಗಿರಬೇಕು. ನೋಂದಣಿ ಸಿಕ್ಕರೂ ಹಣ ಬರಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತ ಖರ್ಚು ಶೇ. 20 ಮೀರುವಂತಿಲ್ಲ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಾಗಾಗಿ ಗೆಳೆಯನಿಗೆ ಫೋನ್ ಮಾಡಿ ಖಾತೆ ಸಂಖ್ಯೆ ಕೊಡುವ ಮುಂಚೆ, ಅವನ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ. ಬೇರೆ ದೇಶದ್ದಾದರೆ ಸದ್ಯಕ್ಕೆ ಹಣ ಬೇಡ ಎನ್ನಿ. ರಜೆಗೆ ಊರಿಗೆ ಬಂದಾಗ ಎರಡು ವಾರ ಮಕ್ಕಳಿಗೆ ಗಣಿತ ಹೇಳಿಕೊಡಲಿ, ಅದಕ್ಕೆ ಎಫ್‌ಸಿಆರ್‌ಎ ಬೇಕಾಗಿಲ್ಲ.